ಕಾಣದ ನದಿಯ ಹಾಡು

ಕವಿಯಾದವನು ತಾನು ಕಣ್ಣಾರೆ ಕಾಣದ ನಾಡನ್ನು ವರ್ಣಿಸಬಹುದೇ, ವರ್ಣಿಸಿದರೆ ಅದನ್ನು ಸತ್ಯವೆಂದು ಒಪ್ಪಬಹುದೇ ಎಂಬ ಪ್ರಶ್ನೆ ಕನ್ನಡದ ರಸಿಕರಿಗೆ ಹೊಸದಲ್ಲ. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಳಿತು ಕುಮಾರವ್ಯಾಸ ಕುರುಕ್ಷೇತ್ರವನ್ನು ಕಟ್ಟಿದ. ಅವನು ಅಲ್ಲಿಗೆ ಹೋಗಿ ಬಂದನೇ ಎಂದು ಯಾವ ಓದುಗನೂ ಕೇಳಲಿಲ್ಲ. ಕೇಳುವ ಅಗತ್ಯವೂ ಬೀಳಲಿಲ್ಲ. ಕಲ್ಪನೆಗೆ ರಹದಾರಿ ಬೇಡವೆಂದು ನಾವು ಬಹುಕಾಲದಿಂದ ಒಪ್ಪಿಕೊಂಡು ಬಂದಿದ್ದೇವೆ. ಆದರೆ ಇದೇ ಪ್ರಶ್ನೆಯನ್ನು ಜನಪದದ ಹಾಡಿನ ವಿಷಯದಲ್ಲಿ ಎತ್ತಿದಾಗ ಉತ್ತರ ಅಷ್ಟು ಸಲೀಸಾಗಿ ಬಾಯಿಗೆ ಬರುವುದಿಲ್ಲ. ಒಂದು ನೆಲದ ಜನ ತಮ್ಮ ದುಡಿಮೆಯಿಂದ, ದುಃಖದಿಂದ ಕಟ್ಟಿಕೊಂಡ ಧಾಟಿಯನ್ನು, ಆ ಬಾಳನ್ನು ಬಾಳದ ಹೊರಗಿನವನೊಬ್ಬ ಎತ್ತಿಕೊಂಡು ಹಾಡಿ, ಅದರಿಂದ ಕೀರ್ತಿಯನ್ನೂ ಹಣವನ್ನೂ ಪಡೆದರೆ, ಆಗ ಆ ಹಾಡು ಯಾರದು? ಅಮೆರಿಕದ ರಾಕ್ ಸಂಗೀತದ ಚರಿತ್ರೆಯುದ್ದಕ್ಕೂ ಈ ಪ್ರಶ್ನೆ ಒಳಹೊಳೆಯಂತೆ ಹರಿದಿದೆ. ಅದನ್ನು ಒಂದು ಮೇಳದ ಕಥೆಯಲ್ಲಿ ಹಿಡಿದು ನೋಡುವುದು ಈ ಲೇಖನದ ಉದ್ದೇಶ. ಮೇಳದ ಹೆಸರು ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್. ಹೆಸರು ಉದ್ದವಾದುದರಿಂದ ಇಲ್ಲಿಂದ ಮುಂದೆ ಕ್ರೀಡೆನ್ಸ್ ಎಂದಷ್ಟೇ ಕರೆಯೋಣ.

ಮೊದಲು ಹಿನ್ನೆಲೆಯನ್ನು ಸ್ವಲ್ಪ ನೋಡಬೇಕು. ರಾಕ್ ಎಂಬ ಸಂಗೀತ ೧೯೫೦ರ ದಶಕದಲ್ಲಿ ರೂಪು ತಳೆಯಿತು. ಅದರ ತಾಯಿಬೇರು ಅಮೆರಿಕದ ದಕ್ಷಿಣ ಸೀಮೆಯ ಕಪ್ಪು ಜನರ ಬ್ಲೂಸ್. ಅದಕ್ಕೆ ಅಲ್ಲಿಯ ಬಡ ಬಿಳಿಯರ ಹಳ್ಳಿಯ ಹಾಡು ಬಂದು ಕೂಡಿಕೊಂಡಿತು. ಸೇಂಟ್ ಲೂಯಿಯ ಚಕ್ ಬೆರಿ, ಜಾರ್ಜಿಯದ ಲಿಟ್ಲ್ ರಿಚರ್ಡ್, ನ್ಯೂ ಆರ್ಲಿಯನ್ಸಿನ ಫ್ಯಾಟ್ಸ್ ಡಾಮಿನೊ ಇವರೆಲ್ಲ ಈ ಪರಂಪರೆಯ ಆದ್ಯರು. ೧೯೫೪ರಲ್ಲಿ ಮೆಂಫಿಸ್ ನಗರದ ಸಣ್ಣದೊಂದು ಮುದ್ರಣಾಲಯದಲ್ಲಿ ಎಲ್ವಿಸ್ ಪ್ರೆಸ್ಲಿ ಎಂಬ ಬಿಳಿಯ ತರುಣ ಹಾಡಿದ ಮೊದಲ ತಟ್ಟೆಯ ಹಾಡು ಆರ್ಥರ್ ಕ್ರೂಡಪ್ ಎಂಬ ಕಪ್ಪು ಗಾಯಕನದು. ಈ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಮತ್ತೆ ಬರುತ್ತದೆ. ೧೯೬೪ರಲ್ಲಿ ಇಂಗ್ಲೆಂಡಿನಿಂದ ಬೀಟಲ್ಸ್ ಬಂದಿಳಿದರು. ತಮ್ಮ ಮನೆಯ ಹಿತ್ತಲಿನಲ್ಲಿಯೇ ಬೆಳೆದ ಬಳ್ಳಿಯ ಹೂವನ್ನು ಅಮೆರಿಕದ ಯುವಕರು ಸಮುದ್ರದಾಚೆಯಿಂದ ಬಂದವರ ಕೈಯಲ್ಲಿ ಕಂಡು ಬೆರಗಾದರು. ಊರೂರಿನಲ್ಲಿ ಹುಡುಗರು ನಾಲ್ಕು ನಾಲ್ಕು ಮಂದಿಯಾಗಿ ಗಿಟಾರು ಹಿಡಿದರು. ಬರ್ಡ್ಸ್, ಡೋರ್ಸ್, ಗ್ರೇಟ್‌ಫುಲ್ ಡೆಡ್, ಜೆಫರ್ಸನ್ ಏರ್‌ಪ್ಲೇನ್ ಮೊದಲಾದ ಮೇಳಗಳು ಕೆಲವೇ ವರ್ಷಗಳಲ್ಲಿ ಹುಟ್ಟಿಕೊಂಡವು. ಕ್ರೀಡೆನ್ಸ್ ಇವರ ಸಮಕಾಲೀನರು. ಆದರೆ ಇವರ ದಾರಿ ಬೇರೆ.

ಜಾನ್ ಫೋಗರ್ಟಿ, ಅವನ ಅಣ್ಣ ಟಾಮ್ ಫೋಗರ್ಟಿ, ಸ್ಟೂ ಕುಕ್, ಡಗ್ ಕ್ಲಿಫರ್ಡ್ ಈ ನಾಲ್ವರು ಕ್ಯಾಲಿಫೋರ್ನಿಯದ ಎಲ್ ಸೆರಿಟೊ ಎಂಬ ಊರಿನವರು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವದಂಡೆಯ ಈ ಊರು ದಕ್ಷಿಣ ಸೀಮೆಯಿಂದ ಸಾವಿರಾರು ಮೈಲಿ ದೂರ. ಟಾಮ್‌ನನ್ನು ಬಿಟ್ಟು ಉಳಿದ ಮೂವರೂ ಶಾಲೆಯ ಸಹಪಾಠಿಗಳು. ೧೯೫೯ರ ಸುಮಾರಿಗೆ ಒಟ್ಟಾಗಿ ನುಡಿಸತೊಡಗಿದರು. ಅಣ್ಣ ಅನಂತರ ಕೂಡಿಕೊಂಡ. ೧೯೬೪ರಲ್ಲಿ ಫ್ಯಾಂಟಸಿ ಎಂಬ ಧ್ವನಿಮುದ್ರಣ ಸಂಸ್ಥೆಯನ್ನು ಸೇರಿದರೂ ಹೆಸರು ಬರಲು ಇನ್ನೂ ನಾಲ್ಕು ವರ್ಷ ಹಿಡಿಯಿತು. ಕ್ರೀಡೆನ್ಸ್ ಎಂಬ ಹೆಸರಿನ ಮೊದಲ ಸಂಪುಟ ೧೯೬೮ರಲ್ಲಿ ಹೊರಬಿತ್ತು. ೧೯೬೯ರಲ್ಲಿ ‘ಬಾಯು ಕಂಟ್ರಿ’, ‘ಗ್ರೀನ್ ರಿವರ್’, ‘ವಿಲ್ಲಿ ಅಂಡ್ ದ ಪೂರ್ ಬಾಯ್ಸ್’ ಎಂದು ಒಂದೇ ವರ್ಷದಲ್ಲಿ ಮೂರು ಸಂಪುಟಗಳು ಬಂದವು. ೧೯೭೦ರಲ್ಲಿ ‘ಕಾಸ್ಮೋಸ್ ಫ್ಯಾಕ್ಟರಿ’ ಮತ್ತು ‘ಪೆಂಡುಲಮ್’ ಎಂಬ ಇನ್ನೆರಡು. ೧೯೭೨ರಲ್ಲಿ ಒಂದು ಕಡೆಯ ಸಂಪುಟ. ಆ ವರ್ಷವೇ ಮೇಳ ಮುರಿಯಿತು. ಕೀರ್ತಿಯ ಕಾಲ ಒಟ್ಟು ನಾಲ್ಕೇ ವರ್ಷ.

ಈ ಹಾಡುಗಳನ್ನು ಮೊದಲ ಸಲ ಕೇಳಿದವನು ಇವರನ್ನು ಲೂಯಿಸಿಯಾನದ ಜವುಗುನೆಲದಲ್ಲಿ ಹುಟ್ಟಿ ಬೆಳೆದವರೆಂದೇ ತಿಳಿಯುತ್ತಾನೆ. ‘ಬಾಯು’ ಎಂದರೆ ಅಲ್ಲಿಯ ನಿಂತಂತೆ ಹರಿಯುವ ಕೆಸರುಹೊಳೆ. ಆ ಹೊಳೆ, ಅದರ ಮೇಲಿನ ಮಂಜು, ಮಿಸಿಸಿಪ್ಪಿಯ ಉಗಿದೋಣಿ, ಬೇಟೆನಾಯಿ, ಹತ್ತಿಯ ಹೊಲ ಇವೆಲ್ಲ ಈ ಹಾಡುಗಳಲ್ಲಿ ತುಂಬಿವೆ. ಹಾಡುವವನ ಉಚ್ಚಾರವೂ ದಕ್ಷಿಣದವರದೇ. ಆದರೆ ಜಾನ್ ಫೋಗರ್ಟಿ ಹುಟ್ಟಿದ್ದು ಬರ್ಕ್ಲಿ ನಗರದಲ್ಲಿ, ೧೯೪೫ರಲ್ಲಿ. ಕೆಸರುಹೊಳೆಯ ದಡದಲ್ಲಿ ಹುಟ್ಟಿದೆನೆಂದು ಹಾಡಿದಾಗ ಅವನು ಅಂಥ ಹೊಳೆಯ ಬಳಿ ಬಾಳಿದವನೇ ಅಲ್ಲ. ‘ಗ್ರೀನ್ ರಿವರ್’ ಎಂಬ ಹಾಡಿನ ಹೊಳೆ ಉತ್ತರ ಕ್ಯಾಲಿಫೋರ್ನಿಯದ ಪ್ಯೂಟಾ ಎಂಬ ಸಣ್ಣ ತೊರೆ. ಬಾಲ್ಯದಲ್ಲಿ ಮನೆಯವರೊಡನೆ ರಜೆ ಕಳೆದ ಜಾಗ. ಹೆಸರನ್ನೋ, ಸೋಡಾ ಅಂಗಡಿಯ ಪಾನಕದ ಸೀಸೆಯ ಮೇಲಿನ ಚೀಟಿಯಿಂದ ಎತ್ತಿಕೊಂಡದ್ದೆಂದು ಅವನೇ ಹೇಳಿದ್ದಾನೆ. ‘ಲೋಡೈ’ ಎಂಬುದು ಕ್ಯಾಲಿಫೋರ್ನಿಯದ ಒಂದು ಊರು. ಅದನ್ನೂ ಹೆಸರಿನ ಸೊಗಸಿಗಾಗಿಯೇ ಆರಿಸಿಕೊಂಡನಂತೆ. ಹೀಗೆ ಇವನ ಭೂಗೋಳವೆಲ್ಲ ಕಿವಿಯಿಂದ ಕಟ್ಟಿದ ಭೂಗೋಳ. ಓಕ್ಲೆಂಡಿನ ರೇಡಿಯೋದಲ್ಲಿ ಕೇಳಿದ ಬ್ಲೂಸ್, ಹೌಲಿನ್ ವುಲ್ಫನಂಥವರ ಕಂಠ, ಮೆಂಫಿಸ್ಸಿನಿಂದ ಬಂದ ತಟ್ಟೆಗಳು, ಇವೇ ಅವನಿಗೆ ನದಿಯೂ ಜವುಗೂ ಆದವು.

ಇದು ಫೋಗರ್ಟಿಯಿಂದ ಮೊದಲಾದುದೂ ಅಲ್ಲ. ಅವನ ತಾಯಿ ಅವನಿಗೆ ಎಳವೆಯಲ್ಲಿ ಕೊಟ್ಟ ತಟ್ಟೆಯೊಂದರಲ್ಲಿ ಇದ್ದುದು ಸ್ಟೀಫನ್ ಫಾಸ್ಟರನ ಹಾಡುಗಳು. ಹಾಡೆಂಬುದು ತಾನಾಗಿ ಹುಟ್ಟುವುದಿಲ್ಲ, ಅದನ್ನು ಬರೆಯುವವನೊಬ್ಬ ಇರುತ್ತಾನೆ ಎಂದು ತಾನು ಅರಿತದ್ದು ಅಂದೇ ಎಂದು ಅವನು ನೆನೆಯುತ್ತಾನೆ. ಈ ಫಾಸ್ಟರ್ ೧೮೨೬ರಲ್ಲಿ ಪೆನ್ಸಿಲ್ವೇನಿಯದಲ್ಲಿ ಹುಟ್ಟಿದವನು, ಉತ್ತರದವನು. ಫ್ಲಾರಿಡದ ಸುವಾನಿ ನದಿಯನ್ನು ಅವನು ಕಾಣಲೇ ಇಲ್ಲ. ಆದರೂ ಆ ನದಿಯ ಹೆಸರು ಲೋಕಪ್ರಸಿದ್ಧವಾದದ್ದು ೧೮೫೧ರ ಅವನ ಹಾಡಿನಿಂದ. ಅವನ ಹಾಡುಗಳಲ್ಲಿ ಹಲವು ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು, ಗುಲಾಮರ ಮಾತನ್ನೂ ಕುಣಿತವನ್ನೂ ಅಣಕಿಸಿ, ಬಿಳಿಯ ಪ್ರೇಕ್ಷಕರನ್ನು ನಗಿಸುತ್ತಿದ್ದ ಆಟಗಳಿಗೆ ಬರೆದವು. ಕಾಣದ ನದಿಯನ್ನು ಹಾಡುವ ಪರಂಪರೆ ಹೀಗೆ ಒಂದು ಕಳಂಕದೊಡನೆಯೇ ಮೊದಲಾಯಿತು ಎಂಬುದನ್ನು ಮರೆಯಲಾಗದು. ಫಾಸ್ಟರನಿಗೂ ತನ್ನ ಹಾಡುಗಳಿಂದ ಸುಖ ಬರಲಿಲ್ಲ. ೧೮೬೪ರಲ್ಲಿ ಅವನು ನ್ಯೂಯಾರ್ಕಿನಲ್ಲಿ ತೀರಿಕೊಂಡಾಗ ಅವನ ಹಣದ ಚೀಲದಲ್ಲಿದ್ದುದು ೩೮ ಸೆಂಟು.

ಆ ಕಳಂಕ ಕ್ರೀಡೆನ್ಸ್ ಮೇಳವನ್ನೂ ಒಂದು ವಿಚಿತ್ರ ರೀತಿಯಲ್ಲಿ ತಾಕಿತು. ೧೯೬೪ರಲ್ಲಿ ಸಂಸ್ಥೆಯವರು ಈ ಹುಡುಗರನ್ನು ಕೇಳದೆಯೇ ಅವರ ಮೇಳಕ್ಕೆ ‘ಗಾಲಿವಾಗ್ಸ್’ ಎಂದು ಹೆಸರಿಟ್ಟರು. ಗಾಲಿವಾಗ್ ಎಂಬುದು ಹತ್ತೊಂಬತ್ತನೆಯ ಶತಮಾನದ ಕೊನೆಯ ಮಕ್ಕಳ ಪುಸ್ತಕಗಳಲ್ಲಿ ಹುಟ್ಟಿದ, ಕಪ್ಪು ಮನುಷ್ಯನ ಮುಖವನ್ನು ವಿಕಾರಗೊಳಿಸಿ ಮಾಡಿದ ಬೊಂಬೆ. ಮೇಳದವರ ತಲೆಗೆ ಬಿಳಿಯ ಜೂಲಿನ ಟೋಪಿಗಳನ್ನೂ ತೊಡಿಸಿದರು. ಮಸಿಮುಖದ ಆಟದ ಕಡೆಯ ನೆರಳು ಅದು. ೧೯೬೭ರ ಕೊನೆಯ ಹೊತ್ತಿಗೆ ಹುಡುಗರು ಆ ಹೆಸರನ್ನು ಕಿತ್ತೊಗೆದು ತಮ್ಮದೇ ಹೆಸರನ್ನು ಇಟ್ಟುಕೊಂಡರು. ಹೆಸರು ಬದಲಾದೊಡನೆ ಹಾಡಿನ ಗುಣವೂ ಬದಲಾಯಿತು. ಅಣಕ ಹೋಗಿ ಆರಾಧನೆ ಬಂದಿತು. ಆದರೆ ಆರಾಧನೆ ಮಾತ್ರದಿಂದ ಹಾಡು ಸತ್ಯವಾಗುವುದೇ? ಪ್ರಶ್ನೆ ಇನ್ನೂ ಉಳಿದೇ ಇದೆ.

ನನ್ನ ಅಭಿಪ್ರಾಯ ಹೀಗೆ: ಹಾಡಿನ ಸತ್ಯ ಹಾಡುವವನ ಜನ್ಮಪತ್ರಿಕೆಯಲ್ಲಿ ಸಿಕ್ಕುವುದಿಲ್ಲ, ಅವನು ಆ ಧಾಟಿಗಾಗಿ ಎಷ್ಟು ದುಡಿದ, ಅದನ್ನು ಯಾವ ಮಾತಿಗೆ ಬಳಸಿದ ಎಂಬುದರಲ್ಲಿ ಸಿಕ್ಕುತ್ತದೆ. ಕ್ರೀಡೆನ್ಸ್ ದುಡಿದರೆಂಬುದರಲ್ಲಿ ಸಂದೇಹವಿಲ್ಲ. ಆ ಕಾಲದ ಸ್ಯಾನ್ ಫ್ರಾನ್ಸಿಸ್ಕೊ ಮೇಳಗಳು ಒಂದೊಂದು ಹಾಡನ್ನು ಅರ್ಧ ಗಂಟೆ ಎಳೆದು, ಮಾದಕದ್ರವ್ಯದ ಮಂಪರಿನಲ್ಲಿ ಮನೋಧರ್ಮವನ್ನು ಹರಿಯಬಿಡುತ್ತಿದ್ದಾಗ, ಇವರು ಬರ್ಕ್ಲಿಯ ಒಂದು ಗೋದಾಮಿನಲ್ಲಿ ಕಾರ್ಖಾನೆಯ ಕೆಲಸಗಾರರಂತೆ ದಿನದಿನವೂ ಅಭ್ಯಾಸ ಮಾಡಿದರು. ‘ಕಾಸ್ಮೋಸ್ ಫ್ಯಾಕ್ಟರಿ’ ಎಂಬ ಹೆಸರು ಬಂದದ್ದು ಅಲ್ಲಿಂದಲೇ. ಇವರೂ ದೀರ್ಘವಾಗಿ ನುಡಿಸಿದ್ದುಂಟು. ಮೊದಲ ಸಂಪುಟದ ‘ಸೂಸಿ ಕ್ಯೂ’ ಎಂಟು ನಿಮಿಷ ಮೀರುತ್ತದೆ. ಆದರೆ ಇವರ ಶ್ರೇಷ್ಠ ಹಾಡುಗಳೆಲ್ಲ ಎರಡು ಮೂರು ನಿಮಿಷದವು. ಒಂದು ಸರಳ ಗಿಟಾರು ಸಂಚಾರ, ಬಿಗಿಯಾದ ತಾಳ, ಎದೆಯಾಳದಿಂದ ಬಂದ ಒರಟು ಕಂಠ, ಮೂರು ನುಡಿ, ಮುಗಿಯಿತು. ಬೇಡದ ಸ್ವರವೊಂದೂ ಇಲ್ಲ. ನಮ್ಮ ತ್ರಿಪದಿಯನ್ನು ಬಲ್ಲವರಿಗೆ ಈ ಮಿತದ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಆ ಧಾಟಿಯನ್ನು ಯಾವ ಮಾತಿಗೆ ಬಳಸಿದರು ಎಂಬುದು. ಇಲ್ಲಿ ಎಲ್ಲ ಹಾಡುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಬಾರದು. ‘ಬಾರ್ನ್ ಆನ್ ದ ಬಾಯು’ ಅದ್ಭುತವಾದ ವಾತಾವರಣವನ್ನು ಕಟ್ಟುತ್ತದೆ. ಗಿಟಾರಿನ ಕಂಪನವೇ ಕೆಸರುಹೊಳೆಯಂತೆ ನಿಧಾನವಾಗಿ ನಡುಗುತ್ತದೆ. ಆದರೂ ಅದು ರಂಗಮಂಚದ ಪರದೆ. ಚಿತ್ರ ಎಷ್ಟೇ ಚೆನ್ನಾಗಿದ್ದರೂ ಪರದೆಯ ಹಿಂದೆ ಮನೆಯಿಲ್ಲ. ‘ಲೋಡೈ’ ಹಾಗಲ್ಲ. ಹೆಸರು ಮಾಡಲೆಂದು ಹೊರಟ ಗಾಯಕನೊಬ್ಬ ಸಣ್ಣ ಊರಿನಲ್ಲಿ ಸಿಕ್ಕಿಬಿದ್ದು, ಕುಡುಕರೆದುರು ಹಾಡುತ್ತ, ಊರಿಗೆ ಹಿಂದಿರುಗುವ ದಾರಿಯ ಖರ್ಚಿಗೂ ಕಾಸಿಲ್ಲದೆ ಕೊಳೆಯುವ ಕಥೆ ಅದು. ಅದನ್ನು ಬರೆದಾಗ ಫೋಗರ್ಟಿಗೆ ಇಪ್ಪತ್ತನಾಲ್ಕು ವರ್ಷವೂ ಸರಿಯಾಗಿ ತುಂಬಿರಲಿಲ್ಲ, ಮೇಳ ಜಯದ ಶಿಖರವನ್ನೇರುತ್ತಿತ್ತು. ಆದರೆ ಗಾಲಿವಾಗ್ಸ್ ಕಾಲದ ನಾಲ್ಕು ವರ್ಷದ ಕತ್ತಲೆ ಅವನಿಗೆ ಗೊತ್ತಿತ್ತು. ಊರು ಕಲ್ಪಿತ, ಸಂಕಟ ಸ್ವಂತದ್ದು. ಕಲ್ಪನೆ ಅನುಭವವನ್ನು ಸಂಧಿಸಿದಾಗ ಸುಳ್ಳು ಭೂಗೋಳವೂ ಸತ್ಯವಾಗುತ್ತದೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

‘ಫಾರ್ಚುನೇಟ್ ಸನ್’ ಎಂಬ ೧೯೬೯ರ ಹಾಡು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದ ಕಾಲ. ಕಡ್ಡಾಯ ಸೈನ್ಯಸೇವೆಗೆ ಬಡವರ ಮಕ್ಕಳು ಹೋಗುತ್ತಿದ್ದರು. ಹಣವಂತರ, ಅಧಿಕಾರಸ್ಥರ ಮಕ್ಕಳಿಗೆ ತಪ್ಪಿಸಿಕೊಳ್ಳುವ ದಾರಿಗಳಿದ್ದವು. ಫೋಗರ್ಟಿಯೂ ಕ್ಲಿಫರ್ಡನೂ ಮೀಸಲು ಪಡೆಗಳಲ್ಲಿ ಸೇವೆ ಸಲ್ಲಿಸಿದವರು, ಆದ್ದರಿಂದ ಈ ಸಿಟ್ಟು ಪುಸ್ತಕದಿಂದ ಕಲಿತದ್ದಲ್ಲ. ೧೯೬೮ರ ಡಿಸೆಂಬರಿನಲ್ಲಿ ಹಿಂದಿನ ಅಧ್ಯಕ್ಷ ಐಸೆನ್‌ಹೋವರ್‌ನ ಮೊಮ್ಮಗನಿಗೂ, ಆಗತಾನೆ ಚುನಾಯಿತನಾಗಿದ್ದ ನಿಕ್ಸನ್ನನ ಮಗಳಿಗೂ ನಡೆದ ಮದುವೆ ಈ ಹಾಡಿಗೆ ಒಂದು ಪ್ರೇರಣೆಯೆಂದು ಅವನು ಹೇಳಿಕೊಂಡಿದ್ದಾನೆ. ಹಾಡಿನಲ್ಲಿ ವಿಯೆಟ್ನಾಮಿನ ಹೆಸರೇ ಇಲ್ಲ, ಯಾವ ವ್ಯಕ್ತಿಯ ಹೆಸರೂ ಇಲ್ಲ. ಎರಡೂವರೆ ನಿಮಿಷಕ್ಕಿಂತ ಕಡಿಮೆ ಕಾಲದಲ್ಲಿ, ನಾನು ಆ ಭಾಗ್ಯವಂತರ ಮಗನಲ್ಲ ಎಂಬ ಒಂದೇ ಮಾತನ್ನು ಹಲವು ಬಗೆಯಲ್ಲಿ ಹೇಳಿ ಮುಗಿಸುತ್ತದೆ. ಹೆಸರಿಲ್ಲದ್ದರಿಂದಲೇ ಹಾಡಿಗೆ ಆಯುಸ್ಸು ಬಂದಿತು. ಅದೇ ಕಾರಣದಿಂದ ಅಪಾರ್ಥಕ್ಕೂ ಎಡೆಯಾಯಿತು. ೨೦೨೦ರ ಚುನಾವಣೆಯ ಕಾಲದಲ್ಲಿ ಅಧ್ಯಕ್ಷ ಟ್ರಂಪರ ಸಭೆಗಳಲ್ಲಿ ಈ ಹಾಡನ್ನು ಬಾರಿಸಿದಾಗ ಫೋಗರ್ಟಿ ವಕೀಲರ ಮೂಲಕ ನಿಲ್ಲಿಸಲು ಹೇಳಿ ಕಳುಹಿಸಬೇಕಾಯಿತು. ಗುಡುಗಿನಂಥ ತಾಳ ಕಿವಿಗೆ ಬಿದ್ದರೆ ಸಾಕು, ಮಾತಿನತ್ತ ಗಮನ ಕೊಡದ ಶ್ರೋತೃಗಳು ಎಲ್ಲ ದೇಶದಲ್ಲಿಯೂ ಇದ್ದಾರೆ.

ದುಡಿಮೆಯಿಂದ ಧಾಟಿ ತನ್ನದಾಗುತ್ತದೆ ಎಂದೆ. ಆದರೆ ತನ್ನದಾದ ಮಾತ್ರಕ್ಕೆ ಸಾಲ ತೀರಿತೆಂದಲ್ಲ. ‘ವಿಲ್ಲಿ ಅಂಡ್ ದ ಪೂರ್ ಬಾಯ್ಸ್’ ಸಂಪುಟದಲ್ಲಿ ‘ಕಾಟನ್ ಫೀಲ್ಡ್ಸ್’, ‘ಮಿಡ್‌ನೈಟ್ ಸ್ಪೆಷಲ್’ ಎಂಬ ಎರಡು ಹಾಡುಗಳಿವೆ. ಎರಡೂ ಲೆಡ್ ಬೆಲಿಯ ಕಂಠದಿಂದ ಲೋಕಕ್ಕೆ ಪರಿಚಿತವಾದವು. ಲೆಡ್ ಬೆಲಿ ಲೂಯಿಸಿಯಾನದಲ್ಲಿಯೇ ಹುಟ್ಟಿದ ಕಪ್ಪು ಗಾಯಕ. ೧೯೩೩ರಲ್ಲಿ ಜಾನ್ ಲೋಮ್ಯಾಕ್ಸ್ ಮತ್ತು ಅವನ ಮಗ ಆಲನ್, ಜನಪದ ಹಾಡುಗಳನ್ನು ಸಂಗ್ರಹಿಸುತ್ತ ಹೋಗಿ, ಅವನನ್ನು ಕಂಡದ್ದು ಅಂಗೋಲ ಎಂಬ ಸೆರೆಮನೆಯಲ್ಲಿ. ೧೯೪೯ರ ಡಿಸೆಂಬರಿನಲ್ಲಿ ಅವನು ತೀರಿಕೊಂಡ. ಮರುವರ್ಷವೇ ‘ಗುಡ್‌ನೈಟ್ ಐರೀನ್’ ಎಂಬ ಅವನ ಹಾಡನ್ನು ವೀವರ್ಸ್ ಎಂಬ ಬಿಳಿಯರ ಮೇಳ ಹಾಡಿ ದೇಶದಲ್ಲಿ ಮೊದಲ ಸ್ಥಾನಕ್ಕೆ ಏರಿಸಿತು. ಕರ್ತೃವಿನ ಹೆಸರಿನ ಸ್ಥಳದಲ್ಲಿ ಅವನ ಜೊತೆಗೆ ಸಂಗ್ರಾಹಕ ಲೋಮ್ಯಾಕ್ಸನ ಹೆಸರೂ ಸೇರಿತ್ತು. ‘ಕಾಸ್ಮೋಸ್ ಫ್ಯಾಕ್ಟರಿ’ಯಲ್ಲಿರುವ ‘ಮೈ ಬೇಬಿ ಲೆಫ್ಟ್ ಮಿ’ ಎಂಬುದು ನಾನು ಮೊದಲು ಹೇಳಿದ ಆರ್ಥರ್ ಕ್ರೂಡಪ್ಪನ ಹಾಡು. ಮಿಸಿಸಿಪ್ಪಿಯಲ್ಲಿ ಹುಟ್ಟಿದ ಈತ ತನ್ನ ಹಾಡುಗಳನ್ನು ಎಲ್ವಿಸ್ ಹಾಡಿ ಮೆರೆದರೂ ತನಗೆ ಬರಬೇಕಾದ ಗೌರವಧನವನ್ನು ಕಾಣದೆ, ಅದಕ್ಕಾಗಿ ವರ್ಷಗಟ್ಟಲೆ ಹೆಣಗಿ, ೧೯೭೪ರಲ್ಲಿ ಬಡವನಾಗಿಯೇ ಸತ್ತ. ಕ್ರೀಡೆನ್ಸ್ ಇವರ ಹೆಸರನ್ನು ಮರೆಸಲಿಲ್ಲ, ತಟ್ಟೆಯ ಮೇಲೆ ಅಚ್ಚು ಮಾಡಿಸಿದರು. ಆದರೆ ಹೆಸರು ಅಚ್ಚಾಗುವುದಕ್ಕೂ ಹಣ ಮನೆಗೆ ಬರುವುದಕ್ಕೂ ನಡುವೆ ಇರುವ ದೂರ ಎಷ್ಟೆಂಬುದನ್ನು ಫೋಗರ್ಟಿ ಕೆಲವೇ ವರ್ಷಗಳಲ್ಲಿ ತಾನೂ ಅರಿಯಬೇಕಾಯಿತು.

೧೯೬೭ರಲ್ಲಿ ಸಾಲ್ ಜೆಂಟ್ಸ್ ಎಂಬವನು ಪಾಲುದಾರರೊಡನೆ ಫ್ಯಾಂಟಸಿ ಸಂಸ್ಥೆಯನ್ನು ಕೊಂಡ. ಮುಂದೆ ‘ಅಮೆಡಿಯಸ್’ ಮೊದಲಾದ ಚಿತ್ರಗಳನ್ನು ನಿರ್ಮಿಸಿ ಆಸ್ಕರ್ ಪ್ರಶಸ್ತಿಗಳನ್ನು ಪಡೆದವನು ಈತನೇ. ಆಗಿನ್ನೂ ಇಪ್ಪತ್ತರ ಆಚೀಚೆಯಲ್ಲಿದ್ದ ಹುಡುಗರು ಸಹಿ ಮಾಡಿದ ಕರಾರಿನಂತೆ, ಫೋಗರ್ಟಿ ಬರೆದ ಹಾಡುಗಳ ಪ್ರಕಟಣೆಯ ಹಕ್ಕು ಸಂಸ್ಥೆಗೆ ಸೇರಿಹೋಯಿತು. ಅಲ್ಲದೆ ಮುಂದೆ ಇನ್ನೂ ಎಷ್ಟೋ ಹಾಡುಗಳನ್ನು ಕೊಡುವ ಹೊಣೆಯೂ ತಲೆಗೆ ಬಂದಿತು. ಮೇಳ ಒಡೆದ ಮೇಲೂ ಆ ಹೊಣೆ ಬಿಡಲಿಲ್ಲ. ಕೊನೆಗೆ ಆ ಕಟ್ಟಿನಿಂದ ಪಾರಾಗಲು, ಹಳೆಯ ತಟ್ಟೆಗಳಿಂದ ಕಲಾವಿದನಾಗಿ ತನಗೆ ಬರುತ್ತಿದ್ದ ಗೌರವಧನವನ್ನೇ ಅವನು ಬಿಟ್ಟುಕೊಟ್ಟ. ಅಷ್ಟೇ ಅಲ್ಲ, ತಾನೇ ಬರೆದ ಆ ಹಾಡುಗಳನ್ನು ಸಭೆಗಳಲ್ಲಿ ಹಾಡುವುದನ್ನೂ ವರ್ಷಾನುಗಟ್ಟಲೆ ನಿಲ್ಲಿಸಿಬಿಟ್ಟ. ಹಾಡಿದರೆ ಲಾಭ ಇನ್ನೊಬ್ಬನಿಗೆ ಎಂಬ ರೋಷ. ಆ ಮೌನ ಮುರಿದದ್ದು ೧೯೮೭ರಲ್ಲಿ. ಆ ವರ್ಷದ ಜುಲೈ ನಾಲ್ಕರಂದು ವಾಷಿಂಗ್ಟನ್ ಬಳಿ ವಿಯೆಟ್ನಾಮಿನಿಂದ ಮರಳಿದ ಸೈನಿಕರಿಗಾಗಿ ನಡೆದ ಕಚೇರಿಯಲ್ಲಿ ಅವನು ಹಳೆಯ ಹಾಡುಗಳನ್ನು ಮತ್ತೆ ಹಾಡಿದ.

ಅದಕ್ಕೆ ಮೊದಲೇ, ೧೯೮೫ರಲ್ಲಿ, ಬೇರೊಂದು ಸಂಸ್ಥೆಯಿಂದ ಅವನ ‘ಸೆಂಟರ್‌ಫೀಲ್ಡ್’ ಎಂಬ ಸಂಪುಟ ಬಂದಿತ್ತು. ಅದರಲ್ಲಿದ್ದ ‘ದಿ ಓಲ್ಡ್ ಮ್ಯಾನ್ ಡೌನ್ ದ ರೋಡ್’ ಎಂಬ ಹಾಡು, ೧೯೭೦ರ ‘ರನ್ ಥ್ರೂ ದ ಜಂಗಲ್’ ಎಂಬ ಹಾಡಿನ ನಕಲೆಂದು ಫ್ಯಾಂಟಸಿ ದಾವೆ ಹೂಡಿತು. ಎರಡನ್ನೂ ಬರೆದವನು ಫೋಗರ್ಟಿಯೇ! ತನ್ನ ಧ್ವನಿಯನ್ನೇ ತಾನು ಕದ್ದ ಆಪಾದನೆಗೆ ಗುರಿಯಾದ ಕವಿ ಜಗತ್ತಿನ ಸಾಹಿತ್ಯದಲ್ಲಿ ವಿರಳ. ೧೯೮೮ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ನ್ಯಾಯಾಲಯದಲ್ಲಿ ಅವನು ಸಾಕ್ಷಿಯ ಕಟ್ಟೆಯಲ್ಲಿ ಗಿಟಾರು ಹಿಡಿದು ಕುಳಿತು, ತಾನು ಹಾಡು ಕಟ್ಟುವ ಬಗೆಯನ್ನು ನುಡಿಸಿ ತೋರಿಸಿದ. ಪಂಚರು ಅವನ ಪರವಾಗಿ ತೀರ್ಪಿತ್ತರು. ವಕೀಲರ ವೆಚ್ಚದ ಪ್ರಶ್ನೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಕೃತಿಸ್ವಾಮ್ಯದ ಮೊಕದ್ದಮೆಯಲ್ಲಿ ವೆಚ್ಚ ಕೊಡಿಸುವಾಗ ಗೆದ್ದ ವಾದಿಗೂ ಗೆದ್ದ ಪ್ರತಿವಾದಿಗೂ ಒಂದೇ ಅಳತೆಗೋಲು ಇರಬೇಕೆಂದು ೧೯೯೪ರಲ್ಲಿ ಆ ನ್ಯಾಯಾಲಯ ತೀರ್ಮಾನಿಸಿತು. ಇಂದಿಗೂ ಅಲ್ಲಿಯ ಕಾನೂನಿನ ವಿದ್ಯಾರ್ಥಿಗಳು ಫೋಗರ್ಟಿಯ ಹೆಸರನ್ನು ಈ ಕಾರಣಕ್ಕಾಗಿ ಓದುತ್ತಾರೆ.

ನಮ್ಮ ವಚನಕಾರರೂ ಹರಿದಾಸರೂ ತಮ್ಮ ರಚನೆಗಳಿಗೆ ಅಂಕಿತವಿಟ್ಟರು. ಆ ಅಂಕಿತದಿಂದ ಹಾಡು ಯಾರದೆಂದು ತಿಳಿಯುತ್ತದೆ. ಆದರೆ ಅದು ದೇವರ ಹೆಸರಾದುದರಿಂದ ಒಡೆತನದ ಮಾತು ಅಲ್ಲಿಗೇ ಮುಗಿಯುತ್ತದೆ. ತಟ್ಟೆಯ ಯುಗದಲ್ಲಿ ಆ ಸೌಕರ್ಯವಿಲ್ಲ. ಕರ್ತೃತ್ವ ಒಬ್ಬನದು, ಒಡೆತನ ಇನ್ನೊಬ್ಬನದು ಆಗಬಹುದು. ಕ್ರೂಡಪ್ಪನ ಕಥೆಯನ್ನೂ ಫೋಗರ್ಟಿಯ ಕಥೆಯನ್ನೂ ಪಕ್ಕಪಕ್ಕದಲ್ಲಿಟ್ಟರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಇಬ್ಬರನ್ನೂ ಹಿಡಿದದ್ದು ಒಂದೇ ಬಲೆ. ಆದರೆ ಬಿಳಿಯನಾದ ಫೋಗರ್ಟಿಗೆ ಹೋರಾಡಲು ಹಣವೂ ಹೆಸರೂ ಆಯುಸ್ಸೂ ಇದ್ದವು. ೨೦೦೪ರಲ್ಲಿ ಫ್ಯಾಂಟಸಿಯನ್ನು ಕೊಂಡ ಕಾನ್‌ಕಾರ್ಡ್ ಸಂಸ್ಥೆ ಅವನ ಗೌರವಧನವನ್ನು ಮರಳಿಸಿತು. ೨೦೨೩ರಲ್ಲಿ, ಎಪ್ಪತ್ತೇಳನೆಯ ವಯಸ್ಸಿನಲ್ಲಿ, ತನ್ನ ಹಾಡುಗಳ ಪ್ರಕಟಣೆಯ ಹಕ್ಕಿನ ಬಹುಪಾಲನ್ನು ಅವನು ಕೊಂಡುಕೊಂಡ. ತಾನು ಬರೆದುದನ್ನು ತಾನೇ ಹಣ ಕೊಟ್ಟು ಕೊಳ್ಳಬೇಕಾಯಿತು. ಕ್ರೂಡಪ್ಪನಿಗೆ ಆ ಬಗೆಯ ಜಯವೂ ಲಭಿಸಲಿಲ್ಲ.

ಇಷ್ಟಾದರೂ ಫೋಗರ್ಟಿಯನ್ನು ಕೇವಲ ಅನ್ಯಾಯಕ್ಕೊಳಗಾದವನೆಂದು ಚಿತ್ರಿಸಿ ಮುಗಿಸಿದರೆ ವಿಮರ್ಶೆ ಏಕಪಕ್ಷೀಯವಾದೀತು. ಮೇಳವೆಂದರೆ ನಾಲ್ವರು. ಬರೆಯುವವನು, ಹಾಡುವವನು, ಮುಖ್ಯ ಗಿಟಾರು ನುಡಿಸುವವನು, ಮುದ್ರಣವನ್ನು ನಿರ್ದೇಶಿಸುವವನು, ವ್ಯವಹಾರ ನೋಡಿಕೊಳ್ಳುವವನು ಎಲ್ಲ ತಾನೇ ಆದ ಜಾನ್, ಉಳಿದ ಮೂವರಿಗೆ ಬಿಟ್ಟದ್ದು ಕಡಿಮೆ. ಮೊದಲು ಮೇಳದ ನಾಯಕನಾಗಿ ಹಾಡುತ್ತಿದ್ದ ಅಣ್ಣ ಟಾಮ್ ತಮ್ಮನಿಗೆ ಜಾಗ ಬಿಟ್ಟು ಹಿಂದೆ ಸರಿದಿದ್ದ; ೧೯೭೧ರ ಆರಂಭದಲ್ಲಿ ಮೇಳವನ್ನೇ ಬಿಟ್ಟ. ೧೯೭೨ರ ‘ಮಾರ್ಡಿ ಗ್ರಾ’ ಸಂಪುಟದಲ್ಲಿ ಉಳಿದ ಮೂವರೂ ಹಾಡುಗಳನ್ನು ಹಂಚಿಕೊಂಡರು. ಅದು ಅವರು ಕೇಳಿ ಪಡೆದ ಹಕ್ಕೋ, ಜಾನ್ ಹೇರಿದ ಶಿಕ್ಷೆಯೋ ಎಂಬುದರಲ್ಲಿ ಎರಡು ಕಡೆಯವರ ಹೇಳಿಕೆಗಳೂ ಬೇರೆಬೇರೆ. ಸಂಪುಟ ಸೊರಗಿದ್ದಂತೂ ನಿಜ. ಜಾನ್ ಇಲ್ಲದೆ ಹಾಡಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಆದರೆ ಆ ಗೋದಾಮಿನ ತಾಳದ ಬಿಗಿ ಜಾನ್ ಒಬ್ಬನೇ ಹಾಡಿದ ಮುಂದಿನ ತಟ್ಟೆಗಳಲ್ಲಿ ಅದೇ ರೀತಿಯಲ್ಲಿ ಮರಳಿ ಬರಲಿಲ್ಲ ಎಂಬುದನ್ನೂ ಕಿವಿಯಿದ್ದವರು ಒಪ್ಪಬೇಕು. ಕ್ಲಿಫರ್ಡನ ಡ್ರಮ್ಮಿನ ಪೆಟ್ಟಿಗೆ ಕೃತಿಸ್ವಾಮ್ಯವಿಲ್ಲ. ಕಾಗದದಲ್ಲಿ ಅದನ್ನು ಬರೆದಿಡುವ ಅಂಕಣವೇ ಇಲ್ಲ. ಟಾಮ್ ೧೯೯೦ರಲ್ಲಿ, ತಮ್ಮನೊಡನೆ ರಾಜಿಯಾಗದೆಯೇ ತೀರಿಕೊಂಡ. ೧೯೯೩ರಲ್ಲಿ ರಾಕ್ ಸಂಗೀತದ ಕೀರ್ತಿಭವನಕ್ಕೆ ಮೇಳವನ್ನು ಸೇರಿಸಿದ ರಾತ್ರಿ ಜಾನ್ ತನ್ನ ಹಳೆಯ ಗೆಳೆಯರಿಬ್ಬರೊಡನೆ ನುಡಿಸಲು ನಿರಾಕರಿಸಿದ.

‘ಹ್ಯಾವ್ ಯು ಎವರ್ ಸೀನ್ ದ ರೇನ್’ ಎಂಬ ಅವನ ಹಾಡನ್ನು ಈ ಹಿನ್ನೆಲೆಯಲ್ಲಿ ಕೇಳಬೇಕು. ಬಿಸಿಲಿರುವಾಗಲೇ ಸುರಿಯುವ ಮಳೆ ಅದರ ಪ್ರತಿಮೆ. ಬಿಸಿಲುಮಳೆ ಬಂದರೆ ಕಾಗೆಗೂ ನರಿಗೂ ಮದುವೆ ಎಂದು ನಮ್ಮ ಮಕ್ಕಳು ಕುಣಿಯುತ್ತಾರೆ. ಇಲ್ಲಿ ಅದು ಸಂಭ್ರಮದ ಮಳೆಯಲ್ಲ. ಕೀರ್ತಿ ನಡುಹಗಲಿನಂತೆ ಬೆಳಗುತ್ತಿದ್ದಾಗಲೇ ಮೇಳದೊಳಗೆ ಕವಿದ ದುಃಖವನ್ನು ಕುರಿತ ಹಾಡಿದು ಎಂದು ಕವಿಯ ಮಾತಿದೆ. ಹಲವರು ಅದನ್ನು ಯುದ್ಧದ ಹಾಡೆಂದು ತಿಳಿದರು; ಹಾಗೆ ತಿಳಿದರೂ ಹಾಡಿಗೆ ಹಾನಿಯಿಲ್ಲ. ದಕ್ಷಿಣದ ಪರದೆ ಇಲ್ಲಿ ಪೂರ್ತಿ ಬಿದ್ದುಹೋಗಿದೆ. ಕೆಸರುಹೊಳೆಯಿಲ್ಲ, ಉಗಿದೋಣಿಯಿಲ್ಲ. ಕಲಿತ ಕಂಠ ಮಾತ್ರ ಉಳಿದು, ಅದು ತನ್ನದೇ ದುಃಖವನ್ನು ನುಡಿಯುತ್ತದೆ. ನನ್ನ ದೃಷ್ಟಿಯಲ್ಲಿ ಇದೇ ಅವನ ಅತ್ಯುತ್ತಮ ಕೃತಿ.

ಉಳಿದದ್ದೇನು? ಈ ಮೇಳದ ಐದು ತಟ್ಟೆಗಳು ಬಿಲ್‌ಬೋರ್ಡ್ ಪತ್ರಿಕೆಯ ಮುಖ್ಯ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿದವು. ಮೊದಲನೆಯ ಸ್ಥಾನ ಒಂದಕ್ಕೂ ದಕ್ಕಲಿಲ್ಲ. ಆದರೆ ಆಗ ಮೊದಲನೆಯವಾಗಿದ್ದ ಎಷ್ಟೋ ಹಾಡುಗಳು ಮರೆತುಹೋಗಿವೆ. ೧೯೭೬ರಲ್ಲಿ ಇವರ ಹಾಡುಗಳನ್ನು ಆಯ್ದು ತಂದ ‘ಕ್ರಾನಿಕಲ್’ ಎಂಬ ಸಂಪುಟ ಐನೂರು ವಾರಗಳಿಗೂ ಮೀರಿ ಆ ಪತ್ರಿಕೆಯ ಪಟ್ಟಿಯಲ್ಲಿ ಕಾಣಿಸಿಕೊಂಡಿದೆ. ಬ್ರೂಸ್ ಸ್ಪ್ರಿಂಗ್‌ಸ್ಟೀನನಂಥ ಮುಂದಿನ ತಲೆಮಾರಿನ ಕವಿಗಾಯಕರು ಈ ಋಣವನ್ನು ಬಹಿರಂಗವಾಗಿ ಒಪ್ಪಿದ್ದಾರೆ. ಕೀರ್ತಿಭವನದಲ್ಲಿ ಅಂದು ಸ್ವಾಗತದ ಮಾತನ್ನಾಡಿದವನೂ ಅವನೇ.

ಆದರೆ ಇವೆಲ್ಲಕ್ಕಿಂತ ದೊಡ್ಡ ಸಾಕ್ಷಿ ‘ಪ್ರೌಡ್ ಮೇರಿ’ ಎಂಬ ಹಾಡಿನ ಪ್ರಯಾಣದಲ್ಲಿದೆ ಎಂದು ನನಗೆ ತೋರುತ್ತದೆ. ೧೯೬೮ರಲ್ಲಿ ಸೈನ್ಯದಿಂದ ಬಿಡುಗಡೆಯ ಕಾಗದ ಕೈಗೆ ಬಂದ ಸಂತೋಷದಲ್ಲಿ ಫೋಗರ್ಟಿ ಬರೆದ ಹಾಡು ಅದು. ಮಿಸಿಸಿಪ್ಪಿಯ ಉಗಿದೋಣಿಯನ್ನು ಕುರಿತದ್ದು. ಪಟ್ಟಣದ ದುಡಿಮೆಯನ್ನು ಬಿಟ್ಟು ಬಂದವನಿಗೆ ನದಿಯ ಬಡಜನ ಕೈಚಾಚಿ ಬರಮಾಡಿಕೊಳ್ಳುವ ಕನಸು. ೧೯೬೯ರಲ್ಲಿಯೇ ಸಾಲೊಮನ್ ಬರ್ಕ್ ಎಂಬ ಕಪ್ಪು ಗಾಯಕ ಅದನ್ನು ಎತ್ತಿಕೊಂಡ. ಹಾಡಿಗೆ ಮುನ್ನ, ತನ್ನ ಹಿರಿಯರು ಆ ದೋಣಿಗಳಲ್ಲಿ ಮೈಮುರಿದು ದುಡಿದದ್ದನ್ನು ತನ್ನ ಮಾತಿನಲ್ಲಿ ನೆನೆಯುತ್ತಾನೆ. ಕ್ಯಾಲಿಫೋರ್ನಿಯದ ಹುಡುಗನಿಗೆ ಕನಸಾಗಿದ್ದುದು ಅವನಿಗೆ ವಂಶದ ನೆನಪು. ೧೯೭೧ರಲ್ಲಿ ಐಕ್ ಮತ್ತು ಟೀನಾ ಟರ್ನರ್ ಅದನ್ನು ಹಾಡಿದರು. ಟೀನಾ ಬೆಳೆದದ್ದು ಟೆನೆಸಿಯ ಹತ್ತಿಸೀಮೆಯ ನಟ್‌ಬುಷ್ ಎಂಬ ಹಳ್ಳಿಯಲ್ಲಿ. ನಿಧಾನವಾಗಿ, ಮಾತಾಡುವಂತೆ ಮೊದಲಾಗಿ, ನಡುವೆ ಒಮ್ಮೆಗೇ ಪ್ರವಾಹವಾಗುವ ಅವಳ ಹಾಡಿಕೆ ಎಷ್ಟು ಪ್ರಸಿದ್ಧವಾಯಿತೆಂದರೆ, ಹಾಡು ಅವಳದೇ ಎಂದು ತಿಳಿದವರು ಅಸಂಖ್ಯ. ೨೦೨೩ರಲ್ಲಿ ಅವಳು ತೀರಿಕೊಳ್ಳುವವರೆಗೂ ಅದು ಅವಳ ಹೆಸರಿನೊಡನೆ ಬೆಸೆದುಕೊಂಡೇ ಇತ್ತು. ದಕ್ಷಿಣದ ಕಪ್ಪು ಜನರ ಧಾಟಿಯನ್ನು ರೇಡಿಯೋದಿಂದ ಎರವಲು ಪಡೆದು ಕಟ್ಟಿದ ಹಾಡು, ಆ ನೆಲದಲ್ಲಿ ಬೆಳ್ಳಗಾದ ಹತ್ತಿಯ ನಡುವೆ ಬೆಳೆದ ಹೆಣ್ಣಿನ ಕಂಠಕ್ಕೆ ಮರಳಿತು. ಹಾಡು ಸುಳ್ಳಾಗಿದ್ದರೆ ಅವಳ ಬಾಯಿಯಲ್ಲಿ ಅದು ನಿಲ್ಲುತ್ತಿರಲಿಲ್ಲ.

ಇದರಿಂದ ಕ್ರೂಡಪ್ಪನ ಸಾಲ ತೀರಿತೆಂದು ಹೇಳಲು ಬರುವುದಿಲ್ಲ. ಟೀನಾಳ ಹಾಡಿಕೆಯಿಂದ ಬಂದ ಪ್ರಕಟಣೆಯ ಹಣವೂ ಹೋದದ್ದು ಫ್ಯಾಂಟಸಿಯ ಪೆಟ್ಟಿಗೆಗೇ. ಲೆಕ್ಕದ ಪುಸ್ತಕ ಲೆಕ್ಕದ ಪುಸ್ತಕವಾಗಿಯೇ ಉಳಿಯುತ್ತದೆ, ಅದರ ಅನ್ಯಾಯಗಳನ್ನು ಹಾಡಿನ ಸೊಗಸಿನಿಂದ ಮುಚ್ಚಬಾರದು. ಆದರೆ ಕಾಣದ ನದಿಯನ್ನು ಹಾಡಿದವನ ಹಾಡು ಆ ನದಿಯನ್ನು ಕಂಡವರಿಗೂ ಬೇಕಾಯಿತೇ ಇಲ್ಲವೇ ಎಂಬುದನ್ನು ನಾವು ಕೇಳಿ ನೋಡಬಹುದು. ಕ್ರೀಡೆನ್ಸ್ ಮೇಳದ ಎಲ್ಲ ಹಾಡುಗಳೂ ಈ ಪರೀಕ್ಷೆಯಲ್ಲಿ ಉತ್ತೀರ್ಣವಾಗುವುದಿಲ್ಲ. ಆದರೂ ನಾಲ್ಕೇ ವರ್ಷದ ಅವಧಿಯಲ್ಲಿ, ಎರಡು ಮೂರು ನಿಮಿಷದ ಅಳತೆಯಲ್ಲಿ, ಉತ್ತೀರ್ಣವಾದ ಹಾಡುಗಳು ಇವರಲ್ಲಿ ಒಂದಲ್ಲ, ಹಲವಿವೆ. ಆಸಕ್ತ ವಾಚಕರು ‘ಪ್ರೌಡ್ ಮೇರಿ’ಯ ಈ ಮೂರು ಹಾಡಿಕೆಗಳನ್ನೂ, ಫೋಗರ್ಟಿಯದು, ಬರ್ಕನದು, ಟೀನಾಳದು ಎಂಬ ಕ್ರಮದಲ್ಲಿ, ಒಂದೇ ಸಂಜೆ ಕೂತು ಕೇಳಲಿ.